ಟರ್ಮಿನಲ್‌ನಲ್ಲಿ ಮೇಲ್ ಓದುವಾಗ ಪರದೆ ತಾನಾಗೇ ಬದಲಾದರೆ ಎಲ್ಲಿ ಹುಡುಕಬೇಕು?

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಒಂದು ಸಣ್ಣ ತಿದ್ದುಪಡಿ ಕಳಿಸಬೇಕು ಅಂದರೂ ಇವತ್ತಿಗೂ ಇಮೇಲೇ ದಾರಿ. ಅದೂ ಬಣ್ಣ, ಚಿತ್ರ, ಅಲಂಕಾರ ಏನೂ ಇಲ್ಲದ ಬರೀ ಅಕ್ಷರದ ಇಮೇಲ್. ಹಾಗಾಗಿ ಬೆಂಗಳೂರಿನಲ್ಲಿ ಹೊಸದಾಗಿ ಈ ಕೆಲಸಕ್ಕೆ ಇಳಿದ ಎಂಜಿನಿಯರ್‌ಗಳು, ಸರ್ವರ್ ನೋಡಿಕೊಳ್ಳುವವರು, ಲ್ಯಾಬಿನ ಕಂಪ್ಯೂಟರಿಗೆ ಮನೆಯಿಂದ ಲಾಗಿನ್ ಆಗುವ ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ಮಟ್ ಎಂಬ ಕಪ್ಪು ಪರದೆಯ ಮೇಲ್ ಪ್ರೋಗ್ರಾಮಿನ ಮುಂದೆ ಕೂರುತ್ತಾರೆ. ಹೊಸಬರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: "ಮೇಲ್ ಓದ್ತಾ ಇದ್ದೆ, ಇದ್ದಕ್ಕಿದ್ದಂತೆ ಬೇರೆ ಏನೋ ಬಂತು. ನಾನೇನೂ ಒತ್ತಿಲ್ಲ!"

ಸಾಮಾನ್ಯವಾಗಿ ಏನೋ ಒಂದು ಒತ್ತಿರುತ್ತಾರೆ. ಆದರೆ ಆ ಕೀ ಅವರು ಅಂದುಕೊಂಡ ಪ್ರೋಗ್ರಾಮಿಗೆ ಹೋಗಿರುವುದಿಲ್ಲ. ಈ ತೊಂದರೆಯ ಅರ್ಧಕ್ಕಿಂತ ಜಾಸ್ತಿ ಭಾಗ ಇಷ್ಟೇ. ಉಳಿದದ್ದು ಆ ಕೀ ಯಾರ ಕೈಗೆ ಸಿಕ್ಕಿತು ಅನ್ನುವುದನ್ನು ಪತ್ತೆ ಮಾಡುವ ಕೆಲಸ.

## ಮೊದಲು ಮೂರು ಹೆಸರು

ಟರ್ಮಿನಲ್ ಅಂದರೆ ಅಕ್ಷರಗಳನ್ನು ಮಾತ್ರ ತೋರಿಸುವ ಕಿಟಕಿ. ಅದರಲ್ಲಿ ಬಟನ್ ಇಲ್ಲ, ಐಕಾನ್ ಇಲ್ಲ. ಎಲ್ಲವೂ ಕೀಬೋರ್ಡಿನಿಂದಲೇ ನಡೆಯಬೇಕು.

ಮಟ್ ಅದರೊಳಗೆ ಓಡುವ ಮೇಲ್ ಪ್ರೋಗ್ರಾಂ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಶುರು ಮಾಡಿದ್ದು. ಅದರಿಂದಲೇ ಕವಲೊಡೆದ ನಿಯೋಮಟ್ ಕೂಡ ಈಗ ಚಾಲ್ತಿಯಲ್ಲಿದೆ. ಎರಡರಲ್ಲೂ ಮುಖ್ಯವಾಗಿ ಎರಡು ನೋಟಗಳಿವೆ. ಮೇಲ್‌ಗಳ ಪಟ್ಟಿ ತೋರಿಸುವುದು ಇಂಡೆಕ್ಸ್. ಒಂದು ಮೇಲನ್ನು ತೆರೆದು ತೋರಿಸುವುದು ಪೇಜರ್. ಒಂದೇ ಕೀ ಈ ಎರಡು ಕಡೆ ಬೇರೆ ಬೇರೆ ಕೆಲಸ ಮಾಡಬಹುದು ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಟಿಮಕ್ಸ್. ಒಂದೇ ಟರ್ಮಿನಲ್ ಒಳಗೆ ಹಲವು ಪ್ರೋಗ್ರಾಮುಗಳನ್ನು ಇಟ್ಟುಕೊಂಡು ಒಂದರಿಂದ ಒಂದಕ್ಕೆ ಹೋಗಲು ಇದನ್ನು ಬಳಸುತ್ತಾರೆ. ಇದು 2007ರಲ್ಲಿ ಬಂತು. ಇದೇ ಕೆಲಸ ಮಾಡುವ ಗ್ನೂ ಸ್ಕ್ರೀನ್ 1987ರಿಂದಲೂ ಇದೆ. ಟಿಮಕ್ಸ್‌ನಲ್ಲಿ ಪೂರ್ತಿ ಪರದೆ ತುಂಬುವ ಒಂದೊಂದು ನೋಟಕ್ಕೂ ವಿಂಡೋ ಎನ್ನುತ್ತಾರೆ. ಒಂದು ವಿಂಡೋವನ್ನು ಭಾಗ ಮಾಡಿದರೆ ಆಗುವ ಒಂದೊಂದು ತುಂಡೂ ಪೇನ್. ಸಂಪರ್ಕ ಕಡಿದರೂ ಒಳಗಿನ ಪ್ರೋಗ್ರಾಂ ಸಾಯುವುದಿಲ್ಲವಲ್ಲ, ಹಾಗಾಗಿ ದೂರದ ಸರ್ವರ್‌ನಲ್ಲಿ ಮಟ್ ತೆರೆಯುವವರಲ್ಲಿ ತುಂಬಾ ಜನ ಅದನ್ನು ಟಿಮಕ್ಸ್ ಒಳಗೇ ಇಟ್ಟಿರುತ್ತಾರೆ.

## ಒತ್ತಿದ ಕೀ ಎಲ್ಲಿಗೆ ಹೋಗುತ್ತದೆ?

ತುಂಬಿದ ಸಿಟಿ ಬಸ್ಸಿನಲ್ಲಿ ಹಿಂದೆ ನಿಂತವರು ಕಂಡಕ್ಟರ್‌ಗೆ ದುಡ್ಡು ಕೊಡುವುದು ಹೇಗೆ? ಮುಂದಿನವರ ಕೈಗೆ ಕೊಟ್ಟು "ಪಾಸ್ ಮಾಡಿ" ಎನ್ನುತ್ತಾರೆ. ಕೈಯಿಂದ ಕೈಗೆ ದಾಟಿ ಅದು ಕಂಡಕ್ಟರ್‌ಗೆ ಸೇರುತ್ತದೆ. ನೀವು ಒತ್ತಿದ ಕೀ ಹೋಗುವುದೂ ಹೀಗೆಯೇ. ಮೊದಲು ಡೆಸ್ಕ್‌ಟಾಪ್ ನೋಡುತ್ತದೆ. ಅದಕ್ಕೆ ಬೇಡವಾದರೆ ಟರ್ಮಿನಲ್‌ಗೆ, ಅಲ್ಲಿಂದ ಟಿಮಕ್ಸ್‌ಗೆ, ಕೊನೆಗೆ ಮಟ್‌ಗೆ. ನಡುವೆ ಯಾರಾದರೂ "ಇದು ನನಗೇ ಬಂದದ್ದು" ಎಂದುಕೊಂಡರೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಮುಂದಿನವರಿಗೆ ಅದು ಬಂದಿದ್ದೇ ಗೊತ್ತಾಗುವುದಿಲ್ಲ.

ಪರದೆ ಬದಲಾದಾಗ ಕೇಳಬೇಕಾದ ಪ್ರಶ್ನೆಯೂ ಇದೇ: ಬದಲಾಯಿಸಿದ್ದು ಯಾರು? ಮಟ್ಟೋ, ಟಿಮಕ್ಸೋ, ಟರ್ಮಿನಲ್ಲೋ, ಡೆಸ್ಕ್‌ಟಾಪೋ? ಇದು ಗೊತ್ತಾಗದೆ ಮಟ್‌ನ ಸೆಟ್ಟಿಂಗ್ ಫೈಲನ್ನು ತಿದ್ದುತ್ತಾ ಕೂತರೆ ಸಂಜೆಯಾಗುತ್ತದೆ, ಸುಮ್ನೆ.

ಅದನ್ನು ಕಂಡುಹಿಡಿಯಲು ಪರದೆಯ ಅಂಚುಗಳನ್ನು ನೋಡಿದರೆ ಸಾಕು. ಮಟ್ ತೆರೆದಿದ್ದರೆ ಮೇಲಿನ ಸಾಲಿನಲ್ಲಿ ಮುಖ್ಯ ಕೀಗಳ ಪಟ್ಟಿ ಇರುತ್ತದೆ, ಕೆಳಗೆ ಮೇಲ್‌ಬಾಕ್ಸ್ ಹೆಸರು ಇರುತ್ತದೆ. ಟಿಮಕ್ಸ್ ಓಡುತ್ತಿದ್ದರೆ ಎಲ್ಲಕ್ಕಿಂತ ಕೆಳಗೆ ಹಸಿರು ಪಟ್ಟಿ. ಅದರಲ್ಲಿ ವಿಂಡೋಗಳ ನಂಬರ್, ಹೆಸರು ಇರುತ್ತವೆ. ಈಗಿರುವ ವಿಂಡೋ ಪಕ್ಕದಲ್ಲಿ ನಕ್ಷತ್ರದ ಗುರುತು, ಸ್ವಲ್ಪ ಹೊತ್ತಿನ ಹಿಂದೆ ಇದ್ದ ವಿಂಡೋ ಪಕ್ಕದಲ್ಲಿ ಅಡ್ಡಗೆರೆ. ಪರದೆ ಜಿಗಿದ ಕೂಡಲೇ ನಕ್ಷತ್ರ ಜಾಗ ಬದಲಿಸಿದೆಯೇ ನೋಡಿ. ಬದಲಿಸಿದ್ದರೆ ಅದು ಟಿಮಕ್ಸ್ ಕೆಲಸ. ನಕ್ಷತ್ರ ಇದ್ದಲ್ಲೇ ಇದ್ದು ಒಳಗಿನದ್ದು ಮಾತ್ರ ಬದಲಾಗಿದ್ದರೆ ಮಟ್. ಹಸಿರು ಪಟ್ಟಿಯೇ ಮಾಯವಾಗಿದ್ದರೆ ಎರಡು ಸಾಧ್ಯತೆ: ಟರ್ಮಿನಲ್‌ನ ಬೇರೆ ಟ್ಯಾಬ್‌ಗೆ ಹೋಗಿದ್ದೀರಿ, ಇಲ್ಲವೇ ಟಿಮಕ್ಸ್‌ನಿಂದಲೇ ಹೊರಗೆ ಬಂದಿದ್ದೀರಿ.

## ಮಟ್ ತಾನೇ ಬದಲಾಯಿಸುವಾಗ

ವಿಮ್ ಎಡಿಟರ್ ಬಳಸಿ ರೂಢಿಯಾದವರು ಮೊದಲು ಎಡವುವುದು ಜೆ ಕೀ ಹತ್ತಿರ. ವಿಮ್‌ನಲ್ಲಿ ಜೆ ಒತ್ತಿದರೆ ಒಂದು ಸಾಲು ಕೆಳಗೆ. ಮಟ್‌ನ ಇಂಡೆಕ್ಸ್‌ನಲ್ಲೂ ಹಾಗೇ. ಆದರೆ ಪೇಜರ್‌ನಲ್ಲಿ ಜೆ ಅಂದರೆ ಮುಂದಿನ ಮೇಲ್, ಕೆ ಅಂದರೆ ಹಿಂದಿನ ಮೇಲ್. ಕೆಳಗಿನ ಬಾಣ, ಮೇಲಿನ ಬಾಣ ಕೂಡ ಅದೇ ಕೆಲಸ ಮಾಡುತ್ತವೆ. ಮೇಲಿನ ಎರಡನೇ ಸಾಲಿಗೆ ಹೋಗೋಣವೆಂದು ಬಾಣ ಒತ್ತಿದವರ ಮುಂದೆ ಬೇರೆ ಯಾರದೋ ಮೇಲ್ ತೆರೆದುಕೊಂಡಿರುತ್ತದೆ. ಪೇಜರ್‌ನಲ್ಲಿ ಒಂದು ಸಾಲು ಕೆಳಗಿಳಿಯಲು ಎಂಟರ್, ಮೇಲೇರಲು ಬ್ಯಾಕ್‌ಸ್ಪೇಸ್ ಒತ್ತಬೇಕು. ಇದು ಒಗ್ಗದಿದ್ದರೆ ಮಟ್‌ಆರ್‌ಸಿ ಎಂಬ ಮಟ್‌ನ ಸೆಟ್ಟಿಂಗ್ ಫೈಲಿನಲ್ಲಿ, ಕೀಗೆ ಕೆಲಸ ಗೊತ್ತುಮಾಡುವ ಬೈಂಡ್ ಆಜ್ಞೆ ಬಳಸಿ, ಪೇಜರ್‌ನಲ್ಲಿ ಜೆ ಕೀಗೆ ನೆಕ್ಸ್ಟ್-ಲೈನ್, ಕೆ ಕೀಗೆ ಪ್ರೀವಿಯಸ್-ಲೈನ್ ಎಂದು ಹೊಂದಿಸಬಹುದು.

ಸ್ಪೇಸ್ ಬಾರ್‌ದು ಇನ್ನೊಂದು ಕಥೆ. ಪೇಜರ್‌ನಲ್ಲಿ ಸ್ಪೇಸ್ ಒತ್ತಿದರೆ ಒಂದು ಪುಟ ಮುಂದಕ್ಕೆ. ಸರಿ. ಆದರೆ ಮೇಲ್ ಮುಗಿದ ಮೇಲೂ ಒತ್ತಿದರೆ ಮಟ್ ನಿಲ್ಲುವುದಿಲ್ಲ, ಮುಂದಿನ ಮೇಲನ್ನು ತೆರೆಯುತ್ತದೆ. ಉದ್ದದ ಚರ್ಚೆಯ ಮೇಲ್‌ಗಳಲ್ಲಿ ಕೆಳಗೆಲ್ಲ ಹಳೆಯ ಮೇಲ್‌ನದೇ ಉಲ್ಲೇಖ ತುಂಬಿರುತ್ತದೆ. ಹಾಗಾಗಿ ಮೇಲ್ ದಾಟಿದ್ದೇ ಗೊತ್ತಾಗುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರದು ಎಂದುಕೊಂಡು ಉತ್ತರ ಬರೆದವರೂ ಇರುತ್ತಾರೆ. ಪೇಜರ್ ಸ್ಟಾಪ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಮೇಲ್‌ನ ಕೊನೆಗೆ ನಿಂತುಕೊಳ್ಳುತ್ತದೆ. ಫೈಲಿನಲ್ಲಿ ಬರೆಯುವಾಗ ಎರಡು ಪದಗಳ ನಡುವೆ ಖಾಲಿ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಬೇಕು. ಮಟ್‌ನ ಬಹುತೇಕ ಸೆಟ್ಟಿಂಗ್ ಹೆಸರುಗಳಿಗೂ ಇದೇ ನಿಯಮ.

ಮೇಲ್ ಅಳಿಸಿದ ಕೂಡಲೇ ಮುಂದಿನದ್ದು ತೆರೆದುಕೊಳ್ಳುವುದಕ್ಕೆ ರಿಸಾಲ್ವ್ ಎಂಬ ಸೆಟ್ಟಿಂಗ್ ಕಾರಣ. ಅದು ಮೊದಲೇ ಆನ್ ಆಗಿರುತ್ತದೆ. ದಿನಕ್ಕೆ ನೂರಾರು ಮೇಲ್ ಬರುವವರಿಗೆ ಅದು ಅನುಕೂಲ. ಬೇಡವಾದರೆ ಆಫ್ ಮಾಡಿ.

ಇನ್ನು ಕ್ಯೂ. ಪೇಜರ್‌ನಲ್ಲಿ ಒಂದು ಸಲ ಒತ್ತಿದರೆ ಇಂಡೆಕ್ಸ್‌ಗೆ ವಾಪಸ್. ಕೈ ತಡೆಯದೆ ಎರಡನೇ ಸಲ ಒತ್ತಿದರೆ ಮಟ್ಟೇ ಮುಚ್ಚಿಕೊಂಡು ಹೋಗುತ್ತದೆ. ಕ್ವಿಟ್ ಸೆಟ್ಟಿಂಗನ್ನು ಆಸ್ಕ್-ಯೆಸ್ ಎಂದು ಇಟ್ಟರೆ ಹೋಗುವ ಮುಂಚೆ ಒಂದು ಮಾತು ಕೇಳುತ್ತದೆ.

ಕಂಟ್ರೋಲ್-ಝಡ್ ಒತ್ತಿದರೆ ಮಟ್ ಮುಚ್ಚುವುದಿಲ್ಲ, ಮಲಗುತ್ತದೆ. ಆಜ್ಞೆಗಳನ್ನು ಟೈಪ್ ಮಾಡುವ ಖಾಲಿ ಶೆಲ್ ಕಾಣುತ್ತದೆ. ಎಫ್‌ಜಿ ಎಂದು ಟೈಪ್ ಮಾಡಿದರೆ ಎದ್ದು ಬರುತ್ತದೆ. ಗೊತ್ತಿಲ್ಲದವರು ಹೊಸದಾಗಿ ಮಟ್ ಶುರು ಮಾಡುತ್ತಾರೆ. ಆಗ ಒಂದೇ ಮೇಲ್‌ಬಾಕ್ಸನ್ನು ಎರಡು ಮಟ್‌ಗಳು ಹಿಡಿದುಕೊಂಡಿರುತ್ತವೆ.

## ಕಂಟ್ರೋಲ್-ಬಿ: ಇಬ್ಬರಿಗೂ ಬೇಕಾದ ಕೀ

ದೂರುಗಳಲ್ಲಿ ಅತಿ ಸ್ವಾರಸ್ಯದ್ದು ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಮಟ್ ಜೊತೆ ಬರುವ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ ಕಂಟ್ರೋಲ್-ಬಿ ಕೀಗೆ ಒಂದು ಕೆಲಸ ಕೊಟ್ಟಿರುತ್ತಾರೆ. ಮೇಲ್‌ನಲ್ಲಿರುವ ಲಿಂಕ್‌ಗಳನ್ನೆಲ್ಲ ಹೆಕ್ಕಿ ಯುಆರ್‌ಎಲ್‌ವ್ಯೂ ಎಂಬ ಸಣ್ಣ ಪ್ರೋಗ್ರಾಮಿನಲ್ಲಿ ಪಟ್ಟಿ ಮಾಡಿ ತೋರಿಸುವುದು. ಇತ್ತ ಟಿಮಕ್ಸ್‌ಗೂ ಕಂಟ್ರೋಲ್-ಬಿ ಬೇಕು. ಅದು ಟಿಮಕ್ಸ್‌ನ ಪ್ರಿಫಿಕ್ಸ್ ಕೀ. "ಇನ್ನು ಮುಂದಿನ ಕೀ ನನ್ನದು" ಎಂದು ಟಿಮಕ್ಸ್‌ಗೆ ಹೇಳುವ ಗುರುತು ಅದು. ಟಿಮಕ್ಸ್ ಮೊದಲು ನಿಂತಿರುವುದರಿಂದ ಅದರ ಕೈಗೇ ಸಿಗುತ್ತದೆ.

ಈಗ ಮೇಲ್‌ನಲ್ಲಿ ಒಂದು ಲಿಂಕ್ ನೋಡಿದಿರಿ. ಕಂಟ್ರೋಲ್-ಬಿ ಒತ್ತಿದಿರಿ. ಪರದೆಯ ಮೇಲೆ ಏನೂ ಆಗಲಿಲ್ಲ. ಟಿಮಕ್ಸ್ ಮುಂದಿನ ಕೀಗಾಗಿ ಕಾಯುತ್ತಿದೆ, ಆದರೆ ಅದನ್ನು ಎಲ್ಲೂ ತೋರಿಸುವುದಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಈ ಕಾಯುವಿಕೆಗೆ ಗಡುವೂ ಇಲ್ಲ. ನೀವು ಎದ್ದು ಕಾಫಿ ಕುಡಿದು ಬಂದರೂ ಅದು ಕಾಯುತ್ತಲೇ ಇರುತ್ತದೆ. ವಾಪಸ್ ಬಂದು ಹುಡುಕಾಟ ಮುಂದುವರಿಸಲು ಎನ್ ಒತ್ತಿದಿರಿ. ಮಟ್‌ನಲ್ಲಿ ಅದರ ಅರ್ಥ ಹುಡುಕಿದ ಪದದ ಮುಂದಿನ ಜಾಗ. ಟಿಮಕ್ಸ್‌ನಲ್ಲಿ ಅದರ ಅರ್ಥ ಮುಂದಿನ ವಿಂಡೋ. ಮೇಲ್ ಹೋಯಿತು, ಕಂಪೈಲ್ ಆಗುತ್ತಿರುವ ಯಾವುದೋ ಕೋಡ್ ಬಂತು.

ಎನ್ ಒಂದೇ ಅಲ್ಲ. ಸಿ ಒತ್ತಿದ್ದರೆ, ಬೇರೆ ಮೇಲ್‌ಬಾಕ್ಸ್ ತೆರೆಯುವ ಬದಲು ಹೊಸ ಖಾಲಿ ವಿಂಡೋ ಹುಟ್ಟುತ್ತದೆ. ಸ್ಪೇಸ್ ಒತ್ತಿದ್ದರೆ ಪೇನ್‌ಗಳ ಜೋಡಣೆ ಬದಲಾಗುತ್ತದೆ. ಅಂಕಿ ಒತ್ತಿದ್ದರೆ ಆ ನಂಬರಿನ ವಿಂಡೋ. ಗಾಬರಿ ಹುಟ್ಟಿಸುವುದು ಡಿ. ಮೇಲ್ ಅಳಿಸಲು ಡಿ ಒತ್ತಿದಿರಿ, ಟಿಮಕ್ಸ್ ಅದನ್ನು "ಡಿಟ್ಯಾಚ್" ಎಂದು ಓದಿಕೊಂಡಿತು. ಎಲ್ಲ ವಿಂಡೋಗಳೂ ಒಮ್ಮೆಗೇ ಮಾಯ. ಮಟ್ ಕ್ರ್ಯಾಶ್ ಆಯಿತು, ಅರ್ಧ ಬರೆದ ಮೇಲ್ ಹೋಯಿತು ಅಂತ ಅನ್ನಿಸುವುದು ಸಹಜ. ಏನೂ ಹೋಗಿರುವುದಿಲ್ಲ. ಟಿಮಕ್ಸ್ ಅಟ್ಯಾಚ್ ಎಂದು ಟೈಪ್ ಮಾಡಿದರೆ ಇದ್ದದ್ದೆಲ್ಲ ಇದ್ದ ಹಾಗೇ ವಾಪಸ್ ಬರುತ್ತದೆ.

ಪರಿಹಾರ ಏನು? ಕಂಟ್ರೋಲ್-ಬಿಯನ್ನು ಎರಡು ಸಲ ಒತ್ತಿದರೆ ಒಂದನ್ನು ಟಿಮಕ್ಸ್ ಒಳಗೆ ದಾಟಿಸುತ್ತದೆ. ಅಪರೂಪಕ್ಕೆ ಬೇಕಾದವರಿಗೆ ಇದು ಸಾಕು. ದಿನವೂ ಲಿಂಕ್ ತೆರೆಯುವವರು ಮಟ್‌ನಲ್ಲಿ ಆ ಕೆಲಸಕ್ಕೆ ಬೇರೆ ಕೀ ಕೊಡುವುದು ಒಳ್ಳೆಯದು. ಟಿಮಕ್ಸ್ ಪ್ರಿಫಿಕ್ಸನ್ನೇ ಕಂಟ್ರೋಲ್-ಎ ಎಂದು ಬದಲಾಯಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಈ ಜಗಳ ತಪ್ಪಿದರೂ ಇನ್ನೊಂದು ಶುರುವಾಗುತ್ತದೆ. ಮಟ್‌ನಲ್ಲಿ ವಿಷಯದ ಸಾಲನ್ನೋ ವಿಳಾಸವನ್ನೋ ಬರೆಯುವಾಗ ಸಾಲಿನ ಮೊದಲಿಗೆ ಹೋಗುವ ಕೀ ಕಂಟ್ರೋಲ್-ಎ.

ಗ್ನೂ ಸ್ಕ್ರೀನ್ ಬಳಸುವವರಿಗೆ ಈ ಎರಡನೇ ಜಗಳ ಹಳೆಯ ಪರಿಚಯ. ಅದರ ಪ್ರಿಫಿಕ್ಸ್ ಮೊದಲಿಂದಲೂ ಕಂಟ್ರೋಲ್-ಎ. ವಿಷಯದ ಸಾಲಿನ ಶುರುವಿಗೆ ಹೋಗಲು ಒಮ್ಮೆ ಒತ್ತಿದರೆ ಏನೂ ಆಗುವುದಿಲ್ಲ. ಕೀ ಸರಿಯಾಗಿ ಒತ್ತಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತುತ್ತೀರಿ, ಅಲ್ವಾ? ಸ್ಕ್ರೀನ್‌ನಲ್ಲಿ ಕಂಟ್ರೋಲ್-ಎ ಎರಡು ಸಲ ಅಂದರೆ ಹಿಂದೆ ಇದ್ದ ವಿಂಡೋಗೆ ಜಿಗಿ ಎಂದು. ಅಲ್ಲಿ ನಿಜವಾದ ಕಂಟ್ರೋಲ್-ಎ ಕಳಿಸಲು, ಅದರ ಹಿಂದೆಯೇ ಬರೀ ಎ ಒತ್ತಬೇಕು.

ಲ್ಯಾಪ್‌ಟಾಪಿನಲ್ಲೂ ಟಿಮಕ್ಸ್, ಲಾಗಿನ್ ಆದ ಸರ್ವರ್‌ನಲ್ಲೂ ಟಿಮಕ್ಸ್ ಇದ್ದರೆ ನಡುವೆ ಇಬ್ಬರು. ಹೊರಗಿನದ್ದೇ ಪ್ರತಿ ಸಲ ಮೊದಲು ಹಿಡಿಯುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರಿಫಿಕ್ಸ್ ಇಡದಿದ್ದರೆ ಯಾವ ವಿಂಡೋ ಯಾವ ಯಂತ್ರದಲ್ಲಿ ಬದಲಾಯಿತು ಎಂದು ಹೇಳುವುದೇ ಕಷ್ಟ.

ಟಿಮಕ್ಸ್ ಕಾಯುತ್ತಿರುವುದು ಕಣ್ಣಿಗೆ ಕಾಣುವಂತೆ ಮಾಡಲೂಬಹುದು. ಕ್ಲೈಂಟ್ ಪ್ರಿಫಿಕ್ಸ್ ಎಂಬ ಅದರ ಒಳಗಿನ ಗುರುತನ್ನು ಸ್ಟೇಟಸ್ ಪಟ್ಟಿಯ ಬಲ ತುದಿಯಲ್ಲಿ ತೋರಿಸುವಂತೆ ಸೆಟ್ ಮಾಡಿಕೊಂಡರೆ, ಪ್ರಿಫಿಕ್ಸ್ ಒತ್ತಿದ ಕ್ಷಣ ಅಲ್ಲಿ ಒಂದು ಪದ ಮೂಡುತ್ತದೆ. ಇಷ್ಟು ಉಪಯೋಗದ ವಿಷಯ ಮೊದಲೇ ಆನ್ ಆಗಿ ಬರುವುದಿಲ್ಲವಲ್ಲ ಅನ್ನುವುದೇ ಸೋಜಿಗ.

## ಅರ್ಧ ಸೆಕೆಂಡಿನ ಆಟ

ಕೆಲವರು ವಿಂಡೋ ಬದಲು ಪೇನ್ ಬಳಸುತ್ತಾರೆ. ಮೇಲೆ ಕೋಡ್, ಕೆಳಗೆ ಮಟ್. ಕೆಳಗಿನ ಪೇನ್‌ಗೆ ಹೋಗಲು ಕಂಟ್ರೋಲ್-ಬಿ ಒತ್ತಿ, ಕೆಳಗಿನ ಬಾಣ ಒತ್ತುತ್ತಾರೆ. ಮಟ್ ಬಂತು. ತಕ್ಷಣ ಮುಂದಿನ ಮೇಲ್‌ಗೆ ಹೋಗಲು ಇನ್ನೊಮ್ಮೆ ಕೆಳಗಿನ ಬಾಣ. ಅಷ್ಟರಲ್ಲಿ ಕರ್ಸರ್ ಮತ್ತೆ ಮೇಲಿನ ಪೇನ್‌ಗೆ ಹಾರಿರುತ್ತದೆ!

ಟಿಮಕ್ಸ್‌ನಲ್ಲಿ ಬಾಣದ ಕೀಗಳನ್ನು ಮರಳಿ ಮರಳಿ ಒತ್ತಬಹುದಾದ ಕೀಗಳೆಂದು ಗುರುತಿಸಿದ್ದಾರೆ. ಪ್ರಿಫಿಕ್ಸ್ ಒಮ್ಮೆ ಒತ್ತಿ, ಬಾಣ ಬೇಗ ಬೇಗ ಒತ್ತಿದರೆ ಎಲ್ಲವೂ ಟಿಮಕ್ಸ್‌ಗೇ ಸೇರುತ್ತವೆ. ಆ ಅವಧಿ ಮಾಮೂಲಾಗಿ 500 ಮಿಲಿಸೆಕೆಂಡ್. ಕೆಳಗಿನ ಪೇನ್‌ನಿಂದ ಇನ್ನೂ ಕೆಳಗೆ ಅಂದರೆ ಟಿಮಕ್ಸ್ ಸುತ್ತು ಹಾಕಿ ಮೇಲಿನದಕ್ಕೆ ಹೋಗುತ್ತದೆ. ಬೇಗ ಟೈಪ್ ಮಾಡುವವರಿಗೆ ಮಾತ್ರ ಈ ತೊಂದರೆ. ನಿಧಾನ ಇರುವವರು ಅದೇ ಯಂತ್ರದಲ್ಲಿ ಕೂತು ನೋಡಿದರೆ ಎಲ್ಲ ಸರಿ ಇರುತ್ತದೆ. "ನನ್ನ ಕೈಯಲ್ಲಿ ಚೆನ್ನಾಗೇ ಇದೆಯಲ್ಲ" ಎಂಬ ಉತ್ತರ ಹುಟ್ಟುವುದು ಹೀಗೆ. ರಿಪೀಟ್-ಟೈಮ್ ಎಂಬ ಸೆಟ್ಟಿಂಗನ್ನು ಸೊನ್ನೆ ಮಾಡಿದರೆ ಮುಗಿಯಿತು. ಆದರೆ ಪೇನ್ ಅಳತೆ ಹಿಗ್ಗಿಸಲು ಕುಗ್ಗಿಸಲು ಈ ಪುನರಾವರ್ತನೆ ಬೇಕಾಗುವುದರಿಂದ, ಬಾಣದ ನಾಲ್ಕು ಕೀಗಳನ್ನು ಮಾತ್ರ ರಿಪೀಟ್ ಇಲ್ಲದೆ ಹೊಸದಾಗಿ ಬೈಂಡ್ ಮಾಡುವುದು ಇನ್ನೂ ಅಚ್ಚುಕಟ್ಟು.

## ಟಚ್‌ಪ್ಯಾಡ್ ಮತ್ತು ಟ್ಯಾಬ್

ಟಿಮಕ್ಸ್‌ನಲ್ಲಿ ಮೌಸ್ ಆನ್ ಮಾಡಿಕೊಂಡಿದ್ದೀರಾ? ಹಾಗಿದ್ದರೆ ಕೆಳಗಿನ ಹಸಿರು ಪಟ್ಟಿಯ ಮೇಲೆ ಪಾಯಿಂಟರ್ ಇಟ್ಟು ಸ್ಕ್ರಾಲ್ ಮಾಡಿ ನೋಡಿ. ಕೆಳಕ್ಕೆ ಉರುಳಿಸಿದರೆ ಮುಂದಿನ ವಿಂಡೋ, ಮೇಲಕ್ಕೆ ಉರುಳಿಸಿದರೆ ಹಿಂದಿನ ವಿಂಡೋ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ಸವರಿದರೆ, ಪಾಯಿಂಟರ್ ಆ ಪಟ್ಟಿಯ ಮೇಲೆ ಕೂತಿದ್ದರೆ, ನಿಜಕ್ಕೂ ನೀವು ಏನೂ ಒತ್ತದೆ ವಿಂಡೋಗಳು ಓಡಾಡುತ್ತವೆ.

ಅದೇ ಟಚ್‌ಪ್ಯಾಡಿನ ಇನ್ನೊಂದು ಕಿತಾಪತಿ ಮೂರು ಬೆರಳಿನ ತಟ್ಟು. ಲಿನಕ್ಸ್‌ನಲ್ಲಿ ಅನೇಕ ಕಡೆ ಅದು ಮೌಸಿನ ನಡುಗುಂಡಿಗೆ ಸಮ. ನಡುಗುಂಡಿ ಅಂದರೆ ಎಲ್ಲೋ ಆಯ್ಕೆ ಮಾಡಿಟ್ಟ ಅಕ್ಷರಗಳನ್ನು ಇಲ್ಲಿ ಅಂಟಿಸುವುದು. ಮಟ್‌ನ ಇಂಡೆಕ್ಸ್‌ನಲ್ಲಿ ಹೀಗೆ ಒಂದು ಪ್ಯಾರಾ ಬಂದು ಬಿದ್ದರೆ, ಮಟ್ ಅದರ ಪ್ರತಿ ಅಕ್ಷರವನ್ನೂ ಆಜ್ಞೆ ಎಂದೇ ತೆಗೆದುಕೊಳ್ಳುತ್ತದೆ. ಡಿ ಬಂದಲ್ಲಿ ಅಳಿಸು, ಸಿ ಬಂದಲ್ಲಿ ಮೇಲ್‌ಬಾಕ್ಸ್ ಬದಲಿಸು, ಎಂ ಬಂದಲ್ಲಿ ಹೊಸ ಮೇಲ್. ಪರದೆಗಳು ಪಟಪಟನೆ ಹಾರಿಹೋಗುತ್ತವೆ. ಇಂಥ ಬಿರುಗಾಳಿ ಎದ್ದಾಗ ಕ್ಯೂ ಒತ್ತಬೇಡಿ. ಮಟ್‌ನಲ್ಲಿ ಡಿ ಒತ್ತಿದ ಕೂಡಲೇ ಮೇಲ್ ಹೋಗುವುದಿಲ್ಲ, ಅಳಿಸಬೇಕು ಎಂಬ ಗುರುತು ಮಾತ್ರ ಬೀಳುತ್ತದೆ. ಇಂಡೆಕ್ಸ್‌ಗೆ ಬಂದು ಎಕ್ಸ್ ಒತ್ತಿದರೆ ಯಾವ ಬದಲಾವಣೆಯನ್ನೂ ಉಳಿಸದೆ ಹೊರಬರುತ್ತದೆ. ನಡುವೆ "ಅಳಿಸಲೇ" ಎಂಬ ಪ್ರಶ್ನೆ ಬಂದರೆ ಬೇಡ ಎನ್ನಿ.

ಗ್ನೋಮ್ ಟರ್ಮಿನಲ್‌ನಲ್ಲಿ ಕಂಟ್ರೋಲ್ ಜೊತೆ ಪೇಜ್‌ಡೌನ್ ಒತ್ತಿದರೆ ಮುಂದಿನ ಟ್ಯಾಬ್, ಆಲ್ಟ್ ಜೊತೆ ಅಂಕಿ ಒತ್ತಿದರೆ ಆ ನಂಬರಿನ ಟ್ಯಾಬ್. ಮೇಲ್ ಓದುತ್ತಾ ಪೇಜ್‌ಡೌನ್ ಒತ್ತುವಾಗ ಬೆರಳು ಕಂಟ್ರೋಲ್ ಮೇಲೂ ಬಿದ್ದರೆ ಟ್ಯಾಬ್ ಬದಲಾಗುತ್ತದೆ. ಒಂದೇ ಟ್ಯಾಬ್ ತೆರೆದಿದ್ದ ದಿನ ಏನೂ ಆಗುವುದಿಲ್ಲ. ಹಾಗಾಗಿ "ಒಂದೊಂದು ದಿನ ಮಾತ್ರ ಹೀಗಾಗುತ್ತೆ" ಎನ್ನುವವರು ಆ ದಿನ ಎಷ್ಟು ಟ್ಯಾಬ್ ಇದ್ದವು ಎಂದು ನೋಡಬೇಕು. ಟರ್ಮಿನಲ್‌ನ ಪ್ರಿಫರೆನ್ಸಸ್‌ನಲ್ಲಿ ಶಾರ್ಟ್‌ಕಟ್ ಪಟ್ಟಿ ಇದೆ, ಬೇಡದ್ದನ್ನು ಅಲ್ಲಿ ತೆಗೆಯಬಹುದು.

ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಇಲ್ಲೇ ಒಂದು ಮಾತು. ಮೇಲ್ ಬರೆದು ಮುಗಿಸಿ ಇಂಡೆಕ್ಸ್‌ಗೆ ಬಂದ ಮೇಲೂ ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಮಟ್‌ಗೆ ಜೆ, ಡಿ ಬದಲು ಕನ್ನಡ ಅಕ್ಷರಗಳು ತಲುಪುತ್ತವೆ. ಅವಕ್ಕೆ ಯಾವ ಕೆಲಸವೂ ಗೊತ್ತುಮಾಡಿಲ್ಲ ಎಂದು ಕೆಳಗಿನ ಸಾಲಿನಲ್ಲಿ ಹೇಳುತ್ತದೆ ಅಷ್ಟೇ. ಮಟ್ ಕೆಟ್ಟಿಲ್ಲ, ಇಂಗ್ಲಿಷ್‌ಗೆ ಬದಲಿಸಿ.

## ಬಾಣ ಒಡೆದು ಬಂದಾಗ

ಬಾಣದ ಕೀ ಒತ್ತಿದರೆ ಟರ್ಮಿನಲ್ ಒಂದು ಅಕ್ಷರವನ್ನಲ್ಲ, ಮೂರನ್ನು ಕಳಿಸುತ್ತದೆ. ಮೊದಲು ಎಸ್ಕೇಪ್, ಆಮೇಲೆ ಒಂದು ಚೌಕ ಆವರಣ ಅಥವಾ ಕ್ಯಾಪಿಟಲ್ ಓ, ಕೊನೆಗೆ ದಿಕ್ಕು ಹೇಳುವ ಅಕ್ಷರ. ಮೇಲೆ ಎ, ಕೆಳಗೆ ಬಿ, ಬಲಕ್ಕೆ ಸಿ, ಎಡಕ್ಕೆ ಡಿ. ಎಲ್ಲವೂ ಕ್ಯಾಪಿಟಲ್. ಮೂರೂ ಒಟ್ಟಿಗೆ ಬಂದರೆ ಪ್ರೋಗ್ರಾಂ ಅದನ್ನು ಬಾಣ ಎಂದು ಗುರುತಿಸುತ್ತದೆ. ನೆಟ್‌ವರ್ಕ್ ನಿಧಾನವಾಗಿ ನಡುವೆ ತಡವಾದರೆ, ಅಥವಾ ಟರ್ಮಿನಲ್ ಯಾವ ತರಹದ್ದು ಎಂಬ ಮಾಹಿತಿ ತಪ್ಪಿದ್ದರೆ, ಮೂರೂ ಬಿಡಿ ಅಕ್ಷರಗಳಾಗುತ್ತವೆ.

ಮಟ್‌ನಲ್ಲಿ ಕ್ಯಾಪಿಟಲ್ ಸಿ ಅಂದರೆ ಮೇಲನ್ನು ಕಾಪಿ ಮಾಡು. ಕ್ಯಾಪಿಟಲ್ ಡಿ ಅಂದರೆ ಇಂಥಿಂಥ ಮೇಲ್‌ಗಳನ್ನೆಲ್ಲ ಅಳಿಸು. ಹಾಗಾಗಿ ಬಲಕ್ಕೋ ಎಡಕ್ಕೋ ಬಾಣ ಒತ್ತಿದಾಗ ಕೆಳಗೆ "ಎಲ್ಲಿಗೆ ಕಾಪಿ ಮಾಡಲಿ", "ಯಾವುದನ್ನು ಅಳಿಸಲಿ" ಎಂಬ ಪ್ರಶ್ನೆ ಮೂಡಿದರೆ ಬಾಣ ಒಡೆದಿದೆ ಎಂದೇ ಅರ್ಥ. ಕಂಟ್ರೋಲ್-ಜಿ ಒತ್ತಿ ಆ ಪ್ರಶ್ನೆಯಿಂದ ಹೊರಗೆ ಬನ್ನಿ.

ಟರ್ಮಿನಲ್ ಯಾವ ತರಹದ್ದು ಎಂದು ಹೇಳುವ ಟರ್ಮ್ ಎಂಬ ವೇರಿಯಬಲ್‌ನಲ್ಲಿ ಏನಿದೆ ಎಂದು ಮೊದಲು ನೋಡಿ. ಟಿಮಕ್ಸ್ ಒಳಗೆ ಅದರ ಬೆಲೆ ಸ್ಕ್ರೀನ್ ಅಥವಾ ಟಿಮಕ್ಸ್ ಎಂದು ಶುರುವಾಗಬೇಕು. ಯಾರೋ ಬ್ಯಾಶ್‌ಆರ್‌ಸಿ ಎಂಬ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ ಎಕ್ಸ್‌ಟರ್ಮ್ (ಇನ್ನೊಂದು ಟರ್ಮಿನಲ್‌ನ ಹೆಸರು) ಎಂದು ಬಲವಂತವಾಗಿ ಬರೆದಿಟ್ಟಿದ್ದರೆ ಆ ಸಾಲನ್ನು ತೆಗೆಯಿರಿ. ಎಸ್ಕೇಪ್ ಬಂದ ಮೇಲೆ ಟಿಮಕ್ಸ್ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೂ ಎಸ್ಕೇಪ್-ಟೈಮ್ ಎಂಬ ಸೆಟ್ಟಿಂಗ್ ಇದೆ. ಬಹಳ ಕಾಲ ಅದು 500 ಮಿಲಿಸೆಕೆಂಡ್ ಇತ್ತು, ಈಚಿನ ಆವೃತ್ತಿಗಳಲ್ಲಿ 10ಕ್ಕೆ ಇಳಿಸಿದ್ದಾರೆ. ವೇಗದ ನೆಟ್‌ವರ್ಕ್‌ಗೆ ಅದು ಸರಿ. ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ದೂರದ ಸರ್ವರ್‌ಗೆ ಹೋಗುವವರು ಅದನ್ನು ಸ್ವಲ್ಪ ಏರಿಸಿ ನೋಡಬಹುದು.

## ಹೊಸ ಮೇಲ್ ಬಂದಾಗಲೇ ಕಿಟಕಿ ಮುಂದೆ ಬರುತ್ತದೆಯೇ?

ಮಟ್‌ನಲ್ಲಿ ಬೀಪ್ ನ್ಯೂ ಆನ್ ಮಾಡಿದ್ದರೆ ಹೊಸ ಮೇಲ್ ಬಂದಾಗ ಬೆಲ್ ಹೊಡೆಯುತ್ತದೆ. ಬೆಲ್ ಕೇಳಿದ ಟಿಮಕ್ಸ್ ಆ ವಿಂಡೋ ಹೆಸರಿನ ಪಕ್ಕ ಉದ್ಗಾರ ಚಿಹ್ನೆ ಹಾಕುತ್ತದೆ, ತಾನಾಗಿ ಜಿಗಿಯುವುದಿಲ್ಲ. ಜಿಗಿದರೆ ಯಾರೋ ಬರೆದ ಸೆಟ್ಟಿಂಗನ್ನು ಕಾಪಿ ಮಾಡಿದಾಗ ಬೆಲ್‌ಗೆ ಕಟ್ಟಿದ ಹುಕ್ (ಬೆಲ್ ಹೊಡೆದಾಗ ತಾನಾಗಿ ಓಡುವ ಆಜ್ಞೆ) ಒಂದು ಜೊತೆಗೆ ಬಂದಿರಬೇಕು. ಟಿಮಕ್ಸ್‌ನ ಶೋ-ಹುಕ್ಸ್ ಆಜ್ಞೆ ಅದನ್ನು ತೋರಿಸುತ್ತದೆ. ಎಕ್ಸ್‌ಟರ್ಮ್‌ನಲ್ಲಿ ಪಾಪ್‌ಆನ್‌ಬೆಲ್ ಎಂಬ ಆಯ್ಕೆಯೇ ಇದೆ. ಆನ್ ಮಾಡಿದರೆ ಬೆಲ್ ಹೊಡೆದಾಗಲೆಲ್ಲ ಆ ಕಿಟಕಿ ಬೇರೆಲ್ಲದರ ಮೇಲೆ ಬಂದು ಕೂರುತ್ತದೆ.

ಮೇಲ್ ತೆರೆದಾಗ ಬ್ರೌಸರ್ ಎದ್ದು ಬರುವುದು ಬೇರೆ ವಿಷಯ. ಯಾವ ತರಹದ ಫೈಲನ್ನು ಯಾವ ಪ್ರೋಗ್ರಾಮಿಗೆ ಕೊಡಬೇಕು ಎಂದು ಮಟ್ ಕೇಳುವುದು ಮೇಲ್‌ಕ್ಯಾಪ್ ಎಂಬ ಫೈಲನ್ನು. ಅದರಲ್ಲಿ ಎಚ್‌ಟಿಎಂಎಲ್ ಎದುರು ಫೈರ್‌ಫಾಕ್ಸ್ ಎಂದಿದ್ದರೆ ಫೈರ್‌ಫಾಕ್ಸ್ ತೆರೆಯುತ್ತದೆ. ಅದರ ಬದಲು ಡಬ್ಲ್ಯು3ಎಂ ಅಥವಾ ಲಿಂಕ್ಸ್ ಎಂಬ ಅಕ್ಷರ ಬ್ರೌಸರನ್ನು ಡಂಪ್ ಆಯ್ಕೆಯೊಂದಿಗೆ ಬರೆದು, ಸಾಲಿನ ಕೊನೆಗೆ ಕೋಪಿಯಸ್‌ಔಟ್‌ಪುಟ್ ಎಂಬ ಪದ ಸೇರಿಸಿ. ಮಟ್‌ಆರ್‌ಸಿಯಲ್ಲಿ ಎಚ್‌ಟಿಎಂಎಲ್‌ಗೆ ಆಟೋ ವ್ಯೂ ಹಾಕಿ. ಆಮೇಲೆ ಅಂಥ ಮೇಲ್ ಕೂಡ ಪೇಜರ್ ಒಳಗೇ ಕಾಣುತ್ತದೆ.

## ಈಮ್ಯಾಕ್ಸ್‌ನಲ್ಲಿ ಓದುವವರಿಗೆ

ಈಮ್ಯಾಕ್ಸ್ ಎಡಿಟರ್ ಒಳಗೆ ಗ್ನಸ್ ಎಂಬ ಮೇಲ್ ಪ್ರೋಗ್ರಾಂ ಇದೆ. ಅಲ್ಲಿ ಹೆಸರುಗಳೇ ಬೇರೆ. ನಾವು ಕಿಟಕಿ ಎನ್ನುವುದಕ್ಕೆ ಅವರು ಫ್ರೇಮ್ ಎನ್ನುತ್ತಾರೆ, ಅದರೊಳಗಿನ ಭಾಗಗಳಿಗೆ ವಿಂಡೋ ಎನ್ನುತ್ತಾರೆ.

ಎಡಕ್ಕೆ ಟಿಪ್ಪಣಿ, ಬಲಕ್ಕೆ ಗ್ನಸ್ ಇಟ್ಟುಕೊಂಡು ಒಂದು ಮೇಲ್ ತೆರೆದರೆ ಟಿಪ್ಪಣಿ ಮಾಯವಾಗುತ್ತದೆ. ಇದು ದೋಷವಲ್ಲ. ಪಟ್ಟಿ ಎಲ್ಲಿ, ಮೇಲ್ ಎಲ್ಲಿ ಎಂಬುದಕ್ಕೆ ಗ್ನಸ್ ತನ್ನದೇ ನಕ್ಷೆ ಇಟ್ಟುಕೊಂಡಿದೆ. ಇಡೀ ಫ್ರೇಮ್ ತನ್ನದೇ ಎಂದುಕೊಂಡು ಅದನ್ನು ಹರಡುತ್ತದೆ. ಗ್ನಸ್-ಯೂಸ್-ಫುಲ್-ವಿಂಡೋ ಎಂಬ ಸೆಟ್ಟಿಂಗನ್ನು ನಿಲ್, ಅಂದರೆ ಆಫ್, ಮಾಡಿದರೆ ಪಕ್ಕದವರ ಜಾಗಕ್ಕೆ ಕೈ ಹಾಕುವುದಿಲ್ಲ. ಕಳೆದುಹೋದ ಜೋಡಣೆ ವಾಪಸ್ ಬೇಕಾದರೆ ವಿನ್ನರ್ ಮೋಡ್ ಆನ್ ಮಾಡಿಟ್ಟಿರಬೇಕು. ಆಗ ಕಂಟ್ರೋಲ್-ಸಿ ಮತ್ತು ಎಡ ಬಾಣ ಒತ್ತಿದರೆ ಹಿಂದಿನ ಜೋಡಣೆ ಬರುತ್ತದೆ. ಏನು ಒತ್ತಿದೆ ಎಂದೇ ನೆನಪಿಲ್ಲದಿದ್ದರೆ ಕಂಟ್ರೋಲ್-ಎಚ್ ಒತ್ತಿ ಎಲ್ ಒತ್ತಿ. ಇತ್ತೀಚೆಗೆ ಒತ್ತಿದ ಕೀಗಳ ಪಟ್ಟಿಯೇ ಬರುತ್ತದೆ. ಈ ಅನುಕೂಲ ಮಟ್‌ನಲ್ಲಿ ಇಲ್ಲ.

## ಇಷ್ಟಾದರೂ ಸಿಗದಿದ್ದರೆ

ಮಟ್‌ನಲ್ಲಿ ಕೋಲನ್ ಒತ್ತಿ ಎಕ್ಸೆಕ್ ವಾಟ್-ಕೀ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಈಗ ಯಾವ ಕೀ ಒತ್ತಿದರೂ ಮಟ್ ಅದರ ಹೆಸರನ್ನು ಕೆಳಗೆ ತೋರಿಸುತ್ತದೆ, ಬೇರೇನೂ ಮಾಡುವುದಿಲ್ಲ. ಅನುಮಾನ ಇರುವ ಕೀ ಒತ್ತಿ. ಹೆಸರು ಬಂದರೆ ಅದು ಮಟ್ ತನಕ ತಲುಪುತ್ತಿದೆ ಎಂದಾಯಿತು. ಆಗ ಕಂಟ್ರೋಲ್-ಜಿ ಒತ್ತಿ ಹೊರಬಂದು, ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಆ ನೋಟದಲ್ಲಿ ಯಾವ ಕೀಗೆ ಏನು ಕೆಲಸ ಎಂಬ ಪೂರ್ತಿ ಪಟ್ಟಿ ಸಿಗುತ್ತದೆ. ಹೆಸರು ಬಾರದಿದ್ದರೆ ಮುಂಚೆಯೇ ಯಾರೋ ಹಿಡಿದಿದ್ದಾರೆ. ಕಂಟ್ರೋಲ್-ಬಿಯನ್ನು ಟಿಮಕ್ಸ್ ಒಳಗೆ ಹೀಗೆ ಒತ್ತಿ ನೋಡಿ, ಕೆಳಗಿನ ಸಾಲು ಖಾಲಿಯೇ ಇರುತ್ತದೆ.

ಹಿಡಿದವರು ಯಾರು ಎಂದು ನೋಡಲು ಒಬ್ಬೊಬ್ಬರನ್ನೇ ದಾರಿಯಿಂದ ಸರಿಸಿ. ಟಿಮಕ್ಸ್ ಇಲ್ಲದೆ ನೇರವಾಗಿ ಮಟ್ ತೆರೆಯಿರಿ. ತೊಂದರೆ ಹೋಯಿತೇ? ಟಿಮಕ್ಸ್‌ನ ಲಿಸ್ಟ್-ಕೀಸ್ ಆಜ್ಞೆಯಲ್ಲಿ ಹುಡುಕಿ. ಹೋಗದಿದ್ದರೆ ಮಟ್ಟನ್ನೇ ಖಾಲಿ ಸೆಟ್ಟಿಂಗ್‌ನಲ್ಲಿ ಓಡಿಸಿ: ಮಟ್ ಎಂದು ಬರೆದು ಮುಂದೆ ಅಡ್ಡಗೆರೆ ಹಾಕಿ ಸಣ್ಣ ಎನ್, ಮತ್ತೆ ಅಡ್ಡಗೆರೆ ಹಾಕಿ ಕ್ಯಾಪಿಟಲ್ ಎಫ್, ಅದರ ಮುಂದೆ ಡೆವ್ ನಲ್ ಎಂಬ, ಯಾವಾಗಲೂ ಖಾಲಿಯಾಗಿರುವ ಫೈಲ್. ಮೊದಲನೆಯದು ಯಂತ್ರದ ಸಾಮಾನ್ಯ ಸೆಟ್ಟಿಂಗ್ ಬಿಡು ಎನ್ನುತ್ತದೆ, ಎರಡನೆಯದು ನಿಮ್ಮದನ್ನೂ ಬಿಡು ಎನ್ನುತ್ತದೆ. ಸರ್ವರ್ ವಿಳಾಸವೂ ಆ ಫೈಲಿನಲ್ಲೇ ಇದ್ದರೆ ಈ ಖಾಲಿ ಮಟ್‌ಗೆ ನಿಮ್ಮ ಮೇಲ್ ಸಿಗುವುದಿಲ್ಲ. ಯಾವುದಾದರೂ ಮೇಲ್‌ಬಾಕ್ಸ್ ಫೈಲಿನ ಪ್ರತಿ ಇಟ್ಟುಕೊಂಡು ಅದನ್ನು ತೆರೆದರೆ ಪರೀಕ್ಷೆಗೆ ಸಾಕು.

ಖಾಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಸರಿ ಇದ್ದರೆ ಕಳ್ಳ ಮಟ್‌ಆರ್‌ಸಿಯಲ್ಲೇ ಇದ್ದಾನೆ. ಫೈಲಿನ ಕೆಳಗಿನ ಅರ್ಧ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಹಾಕಿ ನಿಷ್ಕ್ರಿಯ ಮಾಡಿ, ಮಟ್ ಮತ್ತೆ ತೆರೆಯಿರಿ. ತೊಂದರೆ ಉಳಿದಿದ್ದರೆ ಮೇಲಿನ ಅರ್ಧದಲ್ಲಿದೆ, ಹೋಗಿದ್ದರೆ ಕೆಳಗಿನ ಅರ್ಧದಲ್ಲಿ. ಅದನ್ನೇ ಮತ್ತೆ ಅರ್ಧ ಮಾಡಿ. 200 ಸಾಲಿನ ಫೈಲಾದರೂ ಎಂಟು ಸಲಕ್ಕೆ ಒಂದೇ ಸಾಲು ಉಳಿಯುತ್ತದೆ. ಬೈಂಡ್ ಅಥವಾ ಮ್ಯಾಕ್ರೋ ಎಂದು ಶುರುವಾಗುವ ಸಾಲುಗಳನ್ನು ಮೊದಲು ನೋಡಿದರೆ ಅಷ್ಟೂ ಬೇಕಾಗುವುದಿಲ್ಲ.